ಪೂಲ್ ಸುತ್ತ ಯಾವ ಗಿಡ? ಮೊದಲು ಅದು ಉದುರಿಸುವ ಕಸ ನೋಡಿ

ಅಕ್ಕನ ಮನೆ ಬೆಂಗಳೂರಿನ ಕನಕಪುರ ರಸ್ತೆಯ ಕಡೆ. ಹಿತ್ತಲಿನಲ್ಲಿ ಇಪ್ಪತ್ತೆರಡು ಅಡಿ ಉದ್ದ, ಹತ್ತಡಿ ಅಗಲದ ಪೂಲ್ ಕಟ್ಟಿಸಿದಾಗ ಸುತ್ತ ಏನು ನೆಡೋಣ ಅಂತ ಕೇಳಿದ್ದು ನನ್ನನ್ನೇ. ತೋಟದ ಕೆಲಸ ಮಾಡಿಸುವವನು ನಾನು, ಮನೆಯವರ ಮುಂದೆ ಸ್ವಲ್ಪ ಜಂಬ ಇರುತ್ತದಲ್ಲ. ಹೊಸ ಬಡಾವಣೆಗಳ ಗೇಟಿನಲ್ಲಿ ಕೊಡೆಯ ಮೇಲೆ ಕೊಡೆ ಬಿಚ್ಚಿಟ್ಟಂತೆ ನಿಂತಿರುತ್ತದೆ ನೋಡಿ, ಆ ಟರ್ಮಿನೇಲಿಯಾ ಮರ ಎರಡು ತಂದು ಪಶ್ಚಿಮದ ಕಾಂಪೌಂಡಿನ ಪಕ್ಕ ನೆಡಿಸಿದೆ. ಮೂರು ವರ್ಷ ಬಂದವರೆಲ್ಲ ಹೊಗಳಿದರು. ನಾಲ್ಕನೇ ವರ್ಷದ ಆಷಾಢದಲ್ಲಿ ಭಾವ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿದರು. "ಕಾಫಿಗೆ ಬಾರಪ್ಪ. ಬರೋವಾಗ ತೋಳು ಮಡಚ್ಕೊಂಡೇ ಬಾ."

ಹೋದೆ. ನೀರಿನ ಮೇಲಿನ ಕಸ ಹಿಡಿಯುವ ಸ್ಕಿಮ್ಮರ್‌ನ ಮುಚ್ಚಳ ತೆಗೆದು ಬುಟ್ಟಿಯನ್ನು ಎತ್ತಿ ಬೋರಲು ಹಾಕಿದರು. ಹೆಬ್ಬೆರಳಷ್ಟುದ್ದದ ಎಲೆಗಳು ಸೋಸಿದ ಚಹಾಪುಡಿಯ ಹಾಗೆ ಒಂದಕ್ಕೊಂದು ಅಂಟಿ, ಬುಟ್ಟಿಯ ಆಕಾರಕ್ಕೇ ಮುದ್ದೆಯಾಗಿ ಬಿದ್ದವು. ಅದರಿಂದ ಇಳಿದ ನೀರು ಸಾದರಹಳ್ಳಿ ಕಲ್ಲಿನ ಹಾಸಿನ ಮೇಲೆ ಕಂದು ಗೆರೆ ಎಳೆಯಿತು. ಬುಟ್ಟಿಯ ಕಣ್ಣಲ್ಲಿ ನುಸುಳಿದ ತೊಟ್ಟುಗಳು ಪಂಪಿನ ಬಾಯಿಗೆ ಹೋಗಿ ಕೂತಿದ್ದವು. "ದಿನಕ್ಕೆ ಮೂರು ಸಲ ಇದೇ ಕೆಲಸ. ಈಜೋಕೆ ಟೈಮೆಲ್ಲಿ?" ಅಂದರು ಭಾವ. ಅಕ್ಕ ಒಳಗಿಂದಲೇ, "ಅವನೇ ಹಾಕಿಸಿದ್ದು, ಅವನ ಕೈಲೇ ತೆಗೆಸಿ" ಅಂದಳು. ತೆಗೆದೆ.

ಅಲ್ಲಿಯವರೆಗೆ ಪೂಲ್ ಪಕ್ಕಕ್ಕೆ ಗಿಡ ಕೇಳಿ ಬಂದವರನ್ನು "ಯಾವ ಥರ ಕಾಣಬೇಕು?" ಅಂತ ಕೇಳುತ್ತಿದ್ದೆ. ಈಗ "ಬೆಳಿಗ್ಗೆ ಎದ್ದು ಬಲೆ ಹಿಡಿಯೋರು ಯಾರು?" ಅಂತ ಕೇಳುತ್ತೇನೆ. ಬರುವವರ ಫೋನಿನಲ್ಲಿ ಹೆಚ್ಚುಕಮ್ಮಿ ನಾಲ್ಕೇ ಚಿತ್ರ: ಪಾಮ್, ಹೆಲಿಕೋನಿಯಾ ತುಂಬಿದ ಬಾಲಿ ರೆಸಾರ್ಟ್, ಹಸಿರು ಹುಲ್ಲುಹಾಸಿಗೆ ಅಂಚು ಕಟ್ಟಿದ ಕಾಗದದ ಹೂವಿನ ಬಳ್ಳಿ, ಬಿಳಿ ಬೆಣಚುಕಲ್ಲಿನ ನಡುವೆ ಕತ್ತಾಳೆ, ಕಳ್ಳಿ, ಇಲ್ಲವೇ ಊರಿನ ಮನೆಯ ನೆನಪಿನ ತೆಂಗು, ಬಾಳೆ, ಸಂಪಿಗೆ. ಯಾವುದನ್ನು ಆರಿಸಲಿ ಅಂತ ಕೇಳುತ್ತಾರೆ. ಚಿತ್ರಗಳನ್ನು ಪಕ್ಕಕ್ಕಿಟ್ಟು ಮೊದಲು ನಿಮ್ಮ ಜಾಗವನ್ನು ನೋಡೋಣ.

ಅಳೆಯಬೇಕಾದದ್ದು ಏನೇನು

ಎಲ್ಲ ಗಿಡವೂ ಉದುರಿಸುತ್ತದೆ. ಉದುರಿಸದೇ ಇರುವುದು ಪ್ಲಾಸ್ಟಿಕ್ ಗಿಡ ಮಾತ್ರ. ಏನು ಉದುರುತ್ತದೆ, ಯಾವ ತಿಂಗಳು, ಬಿದ್ದದ್ದು ತೇಲುತ್ತದೋ ಮುಳುಗುತ್ತದೋ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಅಂಗೈ ಅಗಲದ ಎಲೆ ತುಂಬ ಹೊತ್ತು ತೇಲುತ್ತದೆ, ಬಲೆಗೆ ಒಂದೇ ಸಲಕ್ಕೆ ಸಿಗುತ್ತದೆ. ಸಣ್ಣೆಲೆ ನೆನೆದು ತಳಕ್ಕೆ ಇಳಿದು ಮೂಲೆಯಲ್ಲಿ ಕೊಳೆಯುತ್ತದೆ. ಮನೆಯ ಪೂಲ್‌ನಲ್ಲಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಇರುವಂತೆ ನೋಡಿಕೊಳ್ಳುತ್ತೇವಲ್ಲ, ಕೊಳೆಯುವ ಎಲೆ ಅದನ್ನೇ ತಿಂದುಹಾಕುತ್ತದೆ. ಎಲೆಯ ಒಗರು ನೀರಿಗಿಳಿದರೆ ಟೈಲ್ಸ್ ಮೇಲೆ ಕಂದು ಕಲೆ ಬೇರೆ. ಹಣ್ಣಿನ ಮರವಾದರೆ ಕಥೆ ಇನ್ನೂ ದೊಡ್ಡದು. ನೇರಳೆ ಬಿದ್ದ ಕಲ್ಲು ತಿಂಗಳಾನುಗಟ್ಟಲೆ ನೀಲಿ. ಗಸಗಸೆ ಹಣ್ಣಿನ ಮರವಿದ್ದರೆ ಹಗಲು ಹಕ್ಕಿ, ರಾತ್ರಿ ಬಾವಲಿ. ಅವು ತಿಂದು ಏನು ಮಾಡುತ್ತವೆ ಅಂತ ನಾನು ಬರೆಯಬೇಕಿಲ್ಲ.

ಎರಡನೆಯದು ಗಾಳಿ ಮತ್ತು ಬಿಸಿಲು. ಬಿಡಿ ಗಿಡದ ಗುಣಕ್ಕಿಂತ ಅದು ನಿಲ್ಲುವ ದಿಕ್ಕು ಎಷ್ಟೋ ಸಲ ಮುಖ್ಯ, ಆದರೂ ಇದನ್ನು ಯಾರೂ ಕೇಳುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಪೂಲ್‌ನ ಪಶ್ಚಿಮಕ್ಕೆ ನೆಟ್ಟ ಮರದ ಎಲೆಗಳನ್ನು ಆಷಾಢದ ಗಾಳಿ ಗುಡಿಸಿ ತಂದು ನೀರಿಗೇ ಸುರಿಯುತ್ತದೆ. ನಾನು ಮಾಡಿದ ತಪ್ಪು ಅದೇ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ, ಆದರೆ ಅಷ್ಟು ಬಿರುಸಿಲ್ಲ. ಹಾಗಾಗಿ ಎಲೆ ಉದುರಿಸುವ ಮರ ಬೇಕೇಬೇಕು ಅನ್ನುವವರು ಅದನ್ನು ಪೂರ್ವಕ್ಕೋ ಉತ್ತರಕ್ಕೋ ಕಳಿಸಬಹುದು.

ಬಿಸಿಲಿನ ಲೆಕ್ಕವೂ ಇಲ್ಲಿ ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ಶಾಲೆಯಲ್ಲಿ ತೋರಿಸುತ್ತಾರಲ್ಲ ಅದೇ. ಆ ಎರಡು ದಿನಗಳ ನಡುವೆ ಸೂರ್ಯ ಮಧ್ಯಾಹ್ನ ಸ್ವಲ್ಪ ಉತ್ತರಕ್ಕಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ದಕ್ಷಿಣ ದಿಕ್ಕಿನ ಹದಿನೈದಡಿ ಮರದ ನೆರಳು ಮಟಮಟ ಮಧ್ಯಾಹ್ನವೂ ಹನ್ನೊಂದಡಿ ಉದ್ದ ಬೀಳುತ್ತದೆ. ಚಳಿಗಾಲದಲ್ಲಿ ನೀರು ಮೊದಲೇ ಕೊರೆಯುತ್ತಿರುತ್ತದೆ, ಅದರ ಮೇಲೆ ನೆರಳೂ ಬಿದ್ದರೆ ಸಂಕ್ರಾಂತಿ ಕಳೆಯುವವರೆಗೆ ಪೂಲ್ ಬರೀ ನೋಡಲಿಕ್ಕೆ. ದಕ್ಷಿಣದಲ್ಲಿ ಗಿಡ್ಡ ಗಿಡಗಳಿರಲಿ.

ಇನ್ನು ಬೇರು. ಬೇರು ಕಾಂಕ್ರೀಟನ್ನು ಸೀಳಿಕೊಂಡು ಬರುವುದು ಅಪರೂಪ. ಅದು ಹುಡುಕುವುದು ತೇವವನ್ನು. ಪೈಪಿನ ಜಾಯಿಂಟು ಒಂದು ಹನಿ ಸೋರಿದರೂ ಸಾಕು, ಅರಳಿ, ಆಲ, ಅತ್ತಿಯ ಕುಲದ್ದೆಲ್ಲ ಅಲ್ಲಿಗೆ ದಾರಿ ಕಂಡುಕೊಳ್ಳುತ್ತವೆ. ಕುಂಡದಲ್ಲಿ ಮುದ್ದಾಗಿ ಕಾಣುವ ಫಿಕಸ್ ಬೆಂಜಮಿನಾ ಕೂಡ ಅದೇ ಕುಲ. ಗುಂಡಿ ತೋಡಿಸುವ ಮುಂಚೆ ಪ್ಲಂಬರ್ ಹತ್ತಿರ ಪೈಪ್ ಹೋದ ದಾರಿಯ ಒಂದು ಚೀಟಿ ಬರೆಸಿಕೊಳ್ಳಿ. ಪಂಪ್ ಇರುವ ಗುಂಡಿಯ ಸುತ್ತ ಏನೂ ಬೇಡ.

ಆಮೇಲೆ ಬರಿಗಾಲು, ಬರಿಮೈ. ಪೂಲ್ ಹತ್ತಿರ ಯಾರೂ ಚಪ್ಪಲಿ ಹಾಕಿರುವುದಿಲ್ಲ, ಮಕ್ಕಳು ಓಡುತ್ತಾರೆ, ಒದ್ದೆ ಕಲ್ಲಿನ ಮೇಲೆ ಜಾರಿದವರು ಪಕ್ಕದ ಗಿಡದ ಮೇಲೇ ಬೀಳುತ್ತಾರೆ. ಮುಳ್ಳು, ಚೂಪು ತುದಿ, ಉರಿಯುವ ಹಾಲು, ಜೇನ್ನೊಣ ಮುತ್ತುವ ಹೂ ಇವೆಲ್ಲ ಕನಿಷ್ಠ ಐದಾರು ಅಡಿ ಆಚೆ ಇರಬೇಕು.

ಕೊನೆಯದು ನೀರು. ಮಾರ್ಚ್ 2024 ನೆನಪಿದೆಯಲ್ಲ? ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು, ಪೂಲ್‌ಗೆ ಬಳಸಕೂಡದು ಅಂತ ಜಲಮಂಡಳಿ ಆದೇಶ ಹೊರಡಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಅಂಥ ಬೇಸಿಗೆ ಮತ್ತೆ ಬರುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಊರಿದು, ಅದೂ ಹೆಚ್ಚಾಗಿ ಮೇಯಿಂದ ಅಕ್ಟೋಬರ್ ಒಳಗೆ. ಉಳಿದ ತಿಂಗಳು ಟ್ಯಾಂಕರ್ ನೀರು ಕುಡಿದು ಬದುಕುವ ಗಿಡ ಬೇಕೋ ಬೇಡವೋ ಅಂತ ಈಗಲೇ ತೀರ್ಮಾನಿಸಿ.

ಗೋಡೆಯಾಚೆ ಏನಿದೆ?

ನೀವು ಎಷ್ಟು ಅಳೆದು ಸುರಿದು ಆರಿಸಿದರೂ ರಸ್ತೆಯ ಮರ ನಿಮ್ಮನ್ನು ಕೇಳಿ ಉದುರಿಸುವುದಿಲ್ಲ. ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್ ಈ ಊರಿನ ರಸ್ತೆಗಳಿಗೆ ಒಂದಾದ ಮೇಲೊಂದು ಹೂ ಬಿಡುವ ಮರಗಳನ್ನು ಯೋಜಿಸಿದ್ದರು. ಒಂದರ ಸರದಿ ಮುಗಿಯುವ ಹೊತ್ತಿಗೆ ಇನ್ನೊಂದರದು. ಬೀದಿಗೆ ಅದು ಹಬ್ಬ. ಪೂಲ್‌ಗೆ ಅದೇ ವರ್ಷಪೂರ್ತಿ ಕಸದ ಪಂಚಾಂಗ: ವರ್ಷದ ಆರಂಭಕ್ಕೆ ಟಬೇಬುಯ, ಆಮೇಲೆ ಜಕರಂಡ, ಯುಗಾದಿ ದಾಟಿದ ಮೇಲೆ ಹೊಂಗೆಯ ಹೂ, ಮೇ ತಿಂಗಳಿಗೆ ಗುಲ್‌ಮೊಹರ್, ಮಳೆಗಾಲ ಮುಗಿಯುವಾಗ ಆಕಾಶಮಲ್ಲಿಗೆ. ನಿಮ್ಮ ಪಶ್ಚಿಮದ ಕಾಂಪೌಂಡಿನಾಚೆ ಇಂಥದ್ದೊಂದು ಇದ್ದರೆ ನಿಮ್ಮ ಕಸದ ಪಾಲು ಆಗಲೇ ತುಂಬಿದೆ ಅಂದುಕೊಂಡು ಒಳಗೆ ಉದುರದ ಗಿಡಗಳನ್ನೇ ಹಾಕಿ. ಮರ ಕಡಿಸುವ ಯೋಚನೆ ಬೇಡ. ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ, ನಿಮ್ಮದೇ ಹಿತ್ತಲಿನ ಮರಕ್ಕೂ ಸಾಮಾನ್ಯವಾಗಿ ಅನುಮತಿ ಬೇಕಾಗುತ್ತದೆ. ಆರಿಸುವಾಗಲೇ ಎಚ್ಚರ ಬೇಕು ಅನ್ನುವುದು ಇದಕ್ಕೂ ಸೇರಿಯೇ.

ಒಂದೆರಡು ಮರ: ದೇವಕಣಗಿಲೆಯೋ, ಪಾಮ್ ಜಾತಿಯೋ, ತೆಂಗೋ

ನನ್ನ ಓಟು ದೇವಕಣಗಿಲೆಗೆ. ಕಾರಣ ಹೇಳುತ್ತೇನೆ. ಬೇರು ಮೃದು, ಜೋರು ಮಾಡುವುದಿಲ್ಲ. ಹೂ ದಪ್ಪ, ಬಿದ್ದರೆ ತೇಲುತ್ತದೆ, ಎತ್ತಿ ಮುಡಿಯಲೂಬಹುದು. ಹೂವಿನಲ್ಲಿ ಮಕರಂದವೇ ಇಲ್ಲ. ರಾತ್ರಿ ಘಮದಿಂದಲೇ ಪತಂಗವನ್ನು ಯಾಮಾರಿಸುವ ಗಿಡ ಅದು. ಹಾಗಾಗಿ ಜೇನ್ನೊಣದ ಕಾಟ ಕಡಿಮೆ. ನೀರು ಹೆಚ್ಚು ಕೇಳುವುದಿಲ್ಲ, ಕೆಮ್ಮಣ್ಣಿಗೆ ಒಗ್ಗುತ್ತದೆ, ಹತ್ತು ವರ್ಷಕ್ಕೂ ಮನೆಯನ್ನು ಮೀರಿ ಬೆಳೆಯುವುದಿಲ್ಲ.

ತೊಡಕು ಇಲ್ಲದೇ ಇಲ್ಲ. ಕೊಂಬೆ ಮುರಿದರೆ ಬರುವ ಹಾಲು ಚರ್ಮಕ್ಕೆ ತುರಿಕೆ. ಮಳೆಗಾಲದ ಕೊನೆಗೆ ಎಲೆಯ ಅಡಿ ಕಿತ್ತಳೆ ಪುಡಿ ಹಿಡಿಯುವ ತುಕ್ಕು ರೋಗ. ಗುಲಾಬಿ, ಕೆಂಪು, ಹಳದಿ ಹೂವಿನ ಜಾತಿ ಚಳಿಗಾಲದಲ್ಲಿ ಪೂರ್ತಿ ಬೋಳಾಗುತ್ತದೆ. ಆ ನಾಲ್ಕಾರು ವಾರ ಎಲೆ ಬೀಳುತ್ತದೆ, ಆದರೆ ಒಂದೊಂದೂ ಗೇಣುದ್ದ, ಕೈಯಲ್ಲೇ ಹೆಕ್ಕಬಹುದು. ಬೋಳು ಮರ ಕೆಲವರಿಗೆ ಇಷ್ಟವಾಗುವುದಿಲ್ಲ. ನನಗಂತೂ ಆ ಬರಿ ಕೊಂಬೆಯ ನೆರಳು ನೀರಿನ ಮೇಲೆ ಬಿದ್ದಾಗ ಚೆಂದ ಅನ್ನಿಸುತ್ತದೆ. ಚಳಿಯಲ್ಲಿ ಬಿಸಿಲೂ ಒಳಗೆ ಬರುತ್ತದಲ್ಲ. ಅದು ಬೇಡ ಅನ್ನುವವರು ಎಲೆಯ ತುದಿ ಚೂಪಾಗಿರದೆ ದುಂಡಗಿರುವ, ಅಚ್ಚ ಬಿಳಿ ಹೂವಿನ ಜಾತಿ ಕೇಳಿ. ಅದು ಹೆಚ್ಚುಕಮ್ಮಿ ವರ್ಷವಿಡೀ ಹಸಿರು. ನರ್ಸರಿಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟಿರುತ್ತಾರೆ, ಎಲೆ ನೋಡಿಯೇ ತನ್ನಿ.

ಪಾಮ್‌ಗಳಲ್ಲಿ ಫಾಕ್ಸ್‌ಟೇಲ್ ಒಳ್ಳೆಯ ಆಯ್ಕೆ. ನಾರುಬೇರು, ದಪ್ಪಗಾಗಿ ಹಾಸುಗಲ್ಲನ್ನು ಎತ್ತುವುದಿಲ್ಲ. ವರ್ಷಕ್ಕೆ ಬೆರಳೆಣಿಕೆಯಷ್ಟು ಗರಿ ಉದುರುತ್ತದೆ, ಅದೂ ಇಡಿಯಾಗಿ. ಹೊಂಬಾಳೆ ಬಿಟ್ಟ ಕೂಡಲೇ ಕತ್ತರಿಸಿದರೆ ಕಿತ್ತಳೆ ಬಣ್ಣದ ಕಾಯಿಯ ರಗಳೆ ಇಲ್ಲ. ದೇವಕಣಗಿಲೆಗೆ ಹೋಲಿಸಿದರೆ ಕಸ ಇನ್ನೂ ಕಡಿಮೆ, ಆದರೆ ನೆರಳೂ ಕಡಿಮೆ, ಘಮವಂತೂ ಇಲ್ಲ, ದುಡ್ಡು ಹೆಚ್ಚು. ರಾಯಲ್ ಪಾಮ್ ಉದ್ದನೆಯ ಡ್ರೈವ್‌ವೇಗೆ ಸರಿ. ಹಾಳೆ ಸಮೇತ ಬೀಳುವ ಅದರ ಒಂದು ಗರಿ ಹತ್ತು ಕೆ.ಜಿ. ಮೀರುತ್ತದೆ, ಈಜುವವರ ತಲೆಯ ಮೇಲೆ ಅದು ಬೇಡ.

ತೆಂಗಿನ ವಿಷಯಕ್ಕೆ ಬಂದರೆ ಮನೆಯ ಹಿರಿಯರ ಜೊತೆ ಜಗಳ ಖಂಡಿತ. ತೆಂಗಿಲ್ಲದ ಹಿತ್ತಲು ಹಿತ್ತಲೇ ಅಲ್ಲ ಅಂತ ನಮ್ಮ ಅಮ್ಮನೂ ಅನ್ನುತ್ತಾರೆ. ಇರಲಿ, ಆದರೆ ನೀರಿನಿಂದ ಇಪ್ಪತ್ತಡಿ ದೂರ ಇರಲಿ. ಕಾಯಿ ಇಳಿಸುವವರು ಕರೆದ ದಿನ ಬರುವ ಕಾಲ ಹೋಯಿತು. ಅವರು ಬರುವವರೆಗೆ ಕಾಯಿ, ಒಣಮಟ್ಟೆ ಎರಡೂ ಯಾರ ಅಪ್ಪಣೆಗೂ ಕಾಯುವುದಿಲ್ಲ.

ಸಂಪಿಗೆ, ಪಾರಿಜಾತ ಕೇಳುವವರೂ ಇದ್ದಾರೆ. ಪಾರಿಜಾತದ ಕೆಲಸವೇ ಬೆಳಗಾಗುವಷ್ಟರಲ್ಲಿ ಹೂವೆಲ್ಲ ಉದುರಿಸುವುದು! ದೇವರಮನೆಯ ಕಿಟಕಿ ಪಕ್ಕ ನೆಡಿ, ಪೂಜೆಗಾಗುತ್ತದೆ.

ಪಕ್ಕದ ಮನೆಯ ಬಾಲ್ಕನಿಗೆ ಮರೆ

ಸರ್ಜಾಪುರ, ವೈಟ್‌ಫೀಲ್ಡ್ ಕಡೆಯ ವಿಲ್ಲಾಗಳಲ್ಲಿ ಮರಕ್ಕಿಂತ ಮೊದಲು ಬೇಕಾಗುವುದು ಮರೆ. ಮೂರನೇ ಮಹಡಿಯಿಂದ ಯಾರೋ ನೋಡುತ್ತಿದ್ದರೆ ನೀರಿಗಿಳಿಯಲು ಮನಸ್ಸು ಬರುವುದಿಲ್ಲ.

ಇಲ್ಲಿ ನಿಜವಾದ ಪೈಪೋಟಿ ಅರೆಕಾ ಪಾಮ್‌ಗೂ ಬಿದಿರಿಗೂ. ಅರೆಕಾ ಅಂದರೆ ನಮ್ಮ ಅಡಿಕೆ ಅಲ್ಲ. ಮಡಗಾಸ್ಕರ್ ಮೂಲದ, ಬುಡದಿಂದ ಗುಂಪಾಗಿ ಏಳುವ ಹಳದಿ ದಂಟಿನ ಗಿಡ. ಮೂರಡಿಗೊಂದು ನೆಟ್ಟರೆ ಎರಡು-ಮೂರು ವರ್ಷಕ್ಕೆ ಎಂಟು-ಹತ್ತಡಿಯ ಗೋಡೆ. ಒಣಗಿದ ಗರಿ ದಂಟಿಗೇ ಜೋತುಬೀಳುತ್ತದೆ, ಮಾಲಿ ತಿಂಗಳಿಗೊಮ್ಮೆ ಕತ್ತರಿಸಿದರೆ ಸಾಕು. ಮುಳ್ಳಿಲ್ಲ, ನಾಯಿ ಬೆಕ್ಕುಗಳಿಗೆ ವಿಷವಿಲ್ಲ. ಅದರ ಕೊರತೆ ಬಾಯಾರಿಕೆ. ಬೇಸಿಗೆಯಲ್ಲಿ ನೀರು ತಪ್ಪಿದರೆ ತುದಿ ಕಂದಾಗಿ ಇಡೀ ಸಾಲು ಕಾಯಿಲೆ ಬಿದ್ದವರ ಹಾಗೆ ಕಾಣುತ್ತದೆ.

ಬಿದಿರು ಇದಕ್ಕಿಂತ ಬೇಗ ಬೆಳೆಯುತ್ತದೆ, ಎತ್ತರಕ್ಕೂ ಹೋಗುತ್ತದೆ, ಗಾಳಿಗೆ ಅದರ ಸದ್ದು ಕೇಳಿದವರು ಮರೆಯುವುದಿಲ್ಲ. ಅದನ್ನು ಬೇಡ ಅನ್ನುವಾಗ ನನಗೂ ಸ್ವಲ್ಪ ಬೇಜಾರೇ. ಆದರೆ ಕಿರುಬೆರಳಿನಂಥ ಎಲೆ ವರ್ಷವಿಡೀ ಉದುರುತ್ತಲೇ ಇರುತ್ತದೆ, ಹೊಸ ಮೊಳಕೆಯ ಹೊದಿಕೆಯ ಮೇಲಿನ ಸುಂಕು ಮೈಗೆ ತಾಗಿದರೆ ತುರಿಕೆ, ಬುಡ ಪ್ರತಿ ವರ್ಷ ಅಷ್ಟಷ್ಟು ಅಗಲವಾಗುತ್ತದೆ. ನರ್ಸರಿಯಲ್ಲಿ ಜಾತಿ ಕೇಳದೆ ತಂದರೆ ಇನ್ನೂ ಕಷ್ಟ. ಒಂದೇ ಕಡೆ ಗುಂಪುಗಟ್ಟುವ ಜಾತಿ ಬೇರೆ, ನೆಲದಡಿ ಓಡುವ ಜಾತಿ ಬೇರೆ. ಓಡುವ ಬಿದಿರು ಕಾಂಪೌಂಡ್ ದಾಟಿ ಪಕ್ಕದವರ ಅಂಗಳದಲ್ಲಿ ಎದ್ದರೆ ಬೆಳಿಗ್ಗೆ ಬಾಗಿಲು ತಟ್ಟುವವರು ಅವರೇ. ಹಳದಿ ಕಾಂಡಕ್ಕೆ ಹಸಿರು ಗೆರೆಯ ದೊಡ್ಡ ಬಿದಿರು ಗುಂಪುಗಟ್ಟುವುದೇ, ಆದರೆ ಮೂವತ್ತಡಿ ಮೀರುತ್ತದೆ; ಅರ್ಧ ಎಕರೆ ಇದ್ದವರಿಗೆ, ಪೂಲ್‌ನ ಪೂರ್ವದ ಗಡಿಗೆ ಅದು ಅದ್ಭುತ. ನಲವತ್ತು-ಅರವತ್ತರ ಸೈಟಿನಲ್ಲಿ ಅರೆಕಾ.

ಬಾಳೆ, ಹೆಲಿಕೋನಿಯಾ ಒಂದೇ ವರ್ಷದಲ್ಲಿ ಮರೆ ಕೊಡುತ್ತವೆ, ಕಡಿಮೆ ದುಡ್ಡಿಗೆ. ಪ್ರತಿಯಾಗಿ ಕೇಳುವುದು ನೀರು ಮತ್ತು ಗಾಳಿಯಿಲ್ಲದ ಮೂಲೆ. ಆಷಾಢ ಕಳೆದ ಮೇಲೆ ಬಾಳೆ ಎಲೆ ನೋಡಿದರೆ ಹರಿದ ಬಾವುಟ. ಬಾಳೆಯ ಕರೆ ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಕಲ್ಲಿಗೆ ಬಿದ್ದರೂ ಹಾಗೆಯೇ. ಹೆಲಿಕೋನಿಯಾದ ದೋಣಿಯಂಥ ಹೂದಳದಲ್ಲಿ, ಬ್ರೊಮೀಲಿಯಾಡ್‌ನ ನಡುಬಟ್ಟಲಲ್ಲಿ ನೀರು ನಿಲ್ಲುತ್ತದೆ. ಡೆಂಗಿ ಕಾಲದಲ್ಲಿ ವಾರಕ್ಕೊಮ್ಮೆ ಅದನ್ನು ಚೆಲ್ಲುವವರು ಯಾರು ಅಂತ ಯೋಚಿಸಿ. ತೆಳ್ಳಗೆ ಸವರದೆ ಪೊದೆ ಕಟ್ಟಲು ಬಿಟ್ಟರೆ ಊರಾಚೆಯ ಬಡಾವಣೆಗಳಲ್ಲಿ ಕಪ್ಪೆ, ಕಪ್ಪೆಯ ಹಿಂದೆ ಹಾವು.

ಕಾಗದದ ಹೂವಿನ ಬಳ್ಳಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಸಿಲು ತಿಂದು, ನೀರಿಲ್ಲದೆ ಹೂ ಬಿಡುವ ಅದಕ್ಕಿಂತ ಮಿತವ್ಯಯದ ಗಿಡ ಬೆಂಗಳೂರಿನಲ್ಲಿಲ್ಲ. ಆದರೆ ಹೆಸರೇ ಹೇಳುವಂತೆ ಅದು ಕಾಗದ, ಹಾರಿ ಬಂದು ನೀರಿನ ಮೇಲೆ ಹರಡಿಕೊಳ್ಳುತ್ತದೆ. ಸವರಿದ ಮೇಲೆ ಹುಲ್ಲಲ್ಲಿ ಉಳಿದ ಒಂದು ಮುಳ್ಳು ಸಾಕು. ಮನೆಯ ಮುಂದಿನ ಗೇಟಿಗೆ ಹಾಕಿ, ಆಸೆ ತೀರುತ್ತದೆ. ಜಾಗ ಎರಡೇ ಅಡಿ ಇದ್ದವರು ಕಂಬಿ ಜಾಲರಿ ನಿಲ್ಲಿಸಿ ಅಥವಾ ಮೇಲಿನ ಮಹಡಿಯಿಂದ ಕರ್ಟನ್ ಕ್ರೀಪರ್ ಇಳಿಬಿಡಬಹುದು. ಅದು ಪೂಲ್ ಪಕ್ಕ ಒಂದಿಂಚು ನೆಲವನ್ನೂ ಕೇಳುವುದಿಲ್ಲ.

ನೀರಿನ ಅಂಚು

ಪೂಲ್‌ನ ಕಲ್ಲಂಚಿನಿಂದ ಮೂರಡಿಯೊಳಗೆ ಬರುವ ಗಿಡಗಳ ಮೇಲೆ ದಿನವೂ ಕ್ಲೋರಿನ್ ನೀರು ಚಿಮ್ಮುತ್ತದೆ. ಸಾಮಾನ್ಯ ಪೂಲ್‌ನ ಚಿಮುಕು ನೀರಿಗೆ ಗಟ್ಟಿ ಎಲೆಯವು ಅಂಜುವುದಿಲ್ಲ, ಜರಿಗಿಡದಂಥ ನಾಜೂಕಿನವು ಸುಟ್ಟುಹೋಗುತ್ತವೆ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ವ್ಯವಸ್ಥೆ ಇದ್ದರೆ ನೀರಿನಲ್ಲಿ ಲೀಟರಿಗೆ 3–4 ಗ್ರಾಂ ಉಪ್ಪಿರುತ್ತದೆ, ಅದು ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಅಂಥವರು ಫಿಲ್ಟರ್ ತೊಳೆದು ಹೊರಬಿಡುವ ಬ್ಯಾಕ್‌ವಾಷ್ ನೀರನ್ನು ಯಾವ ಗಿಡಕ್ಕೂ ಬಿಡಬೇಡಿ.

ಹುಲ್ಲುಹಾಸು ಎಲ್ಲರ ಮೊದಲ ಆಸೆ. ಮೆಕ್ಸಿಕನ್ ಹುಲ್ಲು ಕಾಲಿಗೆ ಮೆತ್ತಗೆ, ಕಣ್ಣಿಗೆ ತಂಪು. ಆದರೆ ಇಲ್ಲಿ ಹೇಳಿದ್ದರಲ್ಲೆಲ್ಲ ಅತಿ ಹೆಚ್ಚು ನೀರು, ಅತಿ ಹೆಚ್ಚು ಗೊಬ್ಬರ, ಅತಿ ಹೆಚ್ಚು ಮಾಲಿ ದಿನಗೂಲಿ ಕೇಳುವುದು ಅದೇ. ಕತ್ತರಿಸಿದ ಚೂರು ಒದ್ದೆ ಕಾಲಿಗೆ ಅಂಟಿ ಸೀದಾ ನೀರಿಗೆ. ನೀರಿನ ಅಂಚಿಗೂ ಹುಲ್ಲಿಗೂ ನಡುವೆ ಕನಿಷ್ಠ ನಾಲ್ಕಡಿ ಕಲ್ಲು ಇದ್ದರೆ ಮಾತ್ರ ನಾನು ಒಪ್ಪುತ್ತೇನೆ.

ಕತ್ತಾಳೆ, ಕಳ್ಳಿಯ ತೋಟ ನೀರು ಕೇಳುವುದಿಲ್ಲ, ಹೆಚ್ಚೇನೂ ಉದುರಿಸುವುದಿಲ್ಲ. ಆ ಎರಡು ಪರೀಕ್ಷೆಯಲ್ಲಿ ನೂರಕ್ಕೆ ನೂರು. ಬರಿಗಾಲಿನ ಪರೀಕ್ಷೆಯಲ್ಲಿ ಸೊನ್ನೆ. ಕತ್ತಾಳೆಯ ತುದಿಮುಳ್ಳು ಸರಿಯಾಗಿ ಮಗುವಿನ ಮುಖದ ಎತ್ತರಕ್ಕಿರುತ್ತದೆ. ಕಳ್ಳಿಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ಹಳ್ಳಿಯವರನ್ನು ಕೇಳಿ. ಪೆನ್ಸಿಲ್ ಕ್ಯಾಕ್ಟಸ್ ಅಂತ ಚೆಂದದ ಕುಂಡದಲ್ಲಿ ಮಾರುವುದೂ ಅದೇ ಕಳ್ಳಿಯ ಬಳಗ. ಸೈಕಸ್ ನಾಯಿಗಳಿಗೆ ಘೋರ ವಿಷ. ಕಣಗಿಲೆಯಂತೂ ಬೇರಿನಿಂದ ಹೂವಿನವರೆಗೆ ವಿಷವೇ, ದೇವಕಣಗಿಲೆ ಅಂತ ಕೇಳಿದಾಗ ಹೆಸರು ತಪ್ಪಿ ಅದನ್ನು ಕೊಟ್ಟಾರು, ನೋಡಿಕೊಳ್ಳಿ. ಮುಳ್ಳಿಲ್ಲದ ಒಣತೋಟ ಬೇಕಿದ್ದರೆ ಸ್ನೇಕ್ ಪ್ಲಾಂಟ್ ಇಡಬಹುದು. ಬುಡದಲ್ಲಿ ನೀರು ನಿಲ್ಲಬಾರದು ಅಷ್ಟೇ.

ಎಲ್ಲ ಲೆಕ್ಕದಲ್ಲೂ ಗೆಲ್ಲುವುದು ಯಾರೂ ಹೆಸರು ಹಿಡಿದು ಕೇಳದ ಸ್ಪೈಡರ್ ಲಿಲಿ. ಬಿಸಿಲು, ಅರೆನೆರಳು, ಚಿಮ್ಮುವ ನೀರು, ಉಪ್ಪು ಎಲ್ಲ ತಡೆಯುತ್ತದೆ, ಎಲೆ ಉದುರಿಸುವುದಿಲ್ಲ, ಗೆಡ್ಡೆ ಒಂದಿದ್ದದ್ದು ಎರಡು ವರ್ಷಕ್ಕೆ ನಾಲ್ಕಾರು. ನೆರಳಿನ ಬದಿಗೆ ಮೊಂಡೋ ಹುಲ್ಲು. ಇಷ್ಟೇ ಸಾಕು.

ಗಿಡಕ್ಕಿಂತ ಹೆಚ್ಚಾಗಿ ಕೆಡಿಸುವುದು ಪಾತಿ. ಮಣ್ಣಿನ ಮಟ್ಟ ಕಲ್ಲಂಚಿಗಿಂತ ಎರಡಿಂಚು ಕೆಳಗಿರಲಿ, ಇಳಿಜಾರು ಪೂಲ್‌ನಿಂದ ಹೊರಕ್ಕಿರಲಿ. ಇಲ್ಲದಿದ್ದರೆ ಸೆಪ್ಟೆಂಬರ್‌ನ ಒಂದು ಸಂಜೆ ಮಳೆಗೆ ಕೆಮ್ಮಣ್ಣು, ಡಿಎಪಿ ಗೊಬ್ಬರ, ತೆಂಗಿನ ನಾರಿನ ಪುಡಿ ಎಲ್ಲ ನೀರಿಗಿಳಿಯುತ್ತದೆ. ಗೊಬ್ಬರದ ರಂಜಕ ಪಾಚಿಗೂ ಗೊಬ್ಬರವೇ. ಎರಡೇ ದಿನದಲ್ಲಿ ನೀರು ಹಸಿರು. ಮಣ್ಣಿನ ಮೇಲೆ ನಾರಿನ ಬದಲು ಒಂದೂವರೆ ಅಡಿ ಅಗಲ ಬೆಣಚುಕಲ್ಲು ಹರಡಿ.

ಯಾರ ಮನೆಗೆ ಯಾವುದು

ಪುಟ್ಟ ಮಕ್ಕಳು, ನಾಯಿ ಇರುವ ಮನೆಯಾದರೆ ಅರೆಕಾ, ಸ್ವಲ್ಪ ಹಿಂದಕ್ಕೆ ಫಾಕ್ಸ್‌ಟೇಲ್, ಅಂಚಿಗೆ ಮೊಂಡೋ. ದೇವಕಣಗಿಲೆ ಬೇಕಿದ್ದರೆ ಮಕ್ಕಳು ಕೊಂಬೆ ಮುರಿಯುವ ವಯಸ್ಸು ದಾಟಲಿ. ಇಂಥ ಮನೆಯಲ್ಲಿ ಚೆಂದಕ್ಕಿಂತ ಸುಮ್ಮನಿರುವ ಗಿಡ ಮುಖ್ಯ.

ದೇವನಹಳ್ಳಿ ಕಡೆ ತೋಟದ ಮನೆ ಇಟ್ಟುಕೊಂಡು ಶನಿವಾರ ಭಾನುವಾರ ಮಾತ್ರ ಹೋಗುವವರ ಲೆಕ್ಕ ಬೇರೆ. ಐದು ದಿನ ಬಲೆ ಹಿಡಿಯುವವರಿಲ್ಲ, ನೀರು ಹಾಕುವವರೂ ನಂಬಿಕಸ್ತರಲ್ಲ. ಅಲ್ಲಿ ಅರೆಕಾ ಸೋಲುತ್ತದೆ. ಬಿಳಿ ದೇವಕಣಗಿಲೆ, ಸ್ಪೈಡರ್ ಲಿಲಿ, ದೂರದಲ್ಲಿ ಒಣತೋಟ. ಜಾಗ ಬೇಕಾದಷ್ಟಿರುವುದರಿಂದ ಮರೆಯ ಚಿಂತೆಯೂ ಅಷ್ಟಿಲ್ಲ.

ಟೆರೇಸ್ ಮೇಲೆ ಸಣ್ಣ ಪ್ಲಂಜ್ ಪೂಲ್ ಮಾಡಿಸಿಕೊಂಡವರಿಗೆ ಕುಂಡವೇ ಗತಿ. ನೆನೆದ ಮಣ್ಣು ಒಂದು ಘನ ಅಡಿಗೆ ಐವತ್ತು ಕೆ.ಜಿ.ಯ ಆಸುಪಾಸು ತೂಗುತ್ತದೆ, ಕುಂಡಗಳ ಸಾಲು ಎಲ್ಲಿ ನಿಲ್ಲುತ್ತದೆ ಅಂತ ಇಂಜಿನಿಯರನ್ನು ಕೇಳಿಯೇ ಇಡಿ. ಟೆರೇಸ್ ಗಾಳಿಗೆ ಎತ್ತರದ ಅರೆಕಾ ಕುಂಡ ಸಮೇತ ಮಲಗಿಬಿಡುತ್ತದೆ. ಗಿಡ್ಡ ಸ್ನೇಕ್ ಪ್ಲಾಂಟ್, ನಂದಿಬಟ್ಟಲು ನಿಲ್ಲುತ್ತವೆ.

ದುಡ್ಡಿನ ಮಾತು. ಪಾಮ್ ಜಾತಿಯ ದರ ಎತ್ತರದ ಜೊತೆ ಏರುವುದಿಲ್ಲ, ಹಾರುತ್ತದೆ. ಹತ್ತಡಿಯದು ತಂದರೆ ಸಾಗಣೆ, ಕ್ರೇನ್ ಬೇರೆ. ಕೈ ಬಿಗಿ ಇದ್ದವರು ಮರೆಯ ಸಾಲಿಗೆ ಮಾತ್ರ ಆಳೆತ್ತರದ ಅರೆಕಾ ಕೊಳ್ಳಿ, ಏಕೆಂದರೆ ಮರೆ ಇವತ್ತೇ ಬೇಕು. ಅಂಚಿನ ಗಿಡ ಸಣ್ಣ ಕವರ್‌ನಲ್ಲಿರುವುದೇ ಸಾಕು. ಸಿದ್ದಾಪುರದ ನರ್ಸರಿಗಳಲ್ಲಿ ನಾಲ್ಕು ಕಡೆ ಕೇಳಿ, ಲಾಲ್‌ಬಾಗ್‌ಗೂ ಒಂದು ಸುತ್ತು ಹೋಗಿ. ಕವರ್ ಎತ್ತಿ ಅಡಿ ನೋಡಿ: ಬೇರು ಹೊರಗೆ ಸುತ್ತಿಕೊಂಡಿದ್ದರೆ ಬಿಟ್ಟುಬಿಡಿ. ಫ್ಲವರ್ ಶೋ ವಾರದಲ್ಲಿ ಹೋದರೆ ಚೌಕಾಸಿಗೆ ಜಾಗವಿರುವುದಿಲ್ಲ. ನೆಡುವುದು ಜೂನ್‌ನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ.

ಅಕ್ಕನ ಮನೆಯ ಟರ್ಮಿನೇಲಿಯಾಗಳನ್ನು ಮಣ್ಣುಗಡ್ಡೆ ಸಮೇತ ಎಬ್ಬಿಸಿ ರಸ್ತೆಯ ಬದಿಗೆ ಕಳಿಸಿದೆವು, ಒಂದು ಬದುಕಿತು. ಆ ಜಾಗಕ್ಕೆ ಬಂದ ದೇವಕಣಗಿಲೆಗೆ ಒಂದು ಪೈಸೆ ಖರ್ಚಾಗಲಿಲ್ಲ. ಬಸವನಗುಡಿಯ ನಮ್ಮ ಹಳೆ ಮನೆಯ ಮರದಿಂದ ಎರಡಡಿ ಉದ್ದದ ಕೊಂಬೆ ಕಡಿದು ತಂದೆ. ಭಾವ ಆವತ್ತೇ ಗುಂಡಿ ತೋಡಿ ಸಲಿಕೆ ಹಿಡಿದು ನಿಂತಿದ್ದರು. ತಕ್ಷಣ ನೆಟ್ಟರೆ ಬುಡ ಕೊಳೆಯುತ್ತದೆ. ಕಡಿದ ಬಾಯಿಯ ಹಾಲು ಪೂರ್ತಿ ಒಣಗುವವರೆಗೆ ಒಂದು ವಾರ ನೆರಳಲ್ಲಿ ಒರಗಿಸಿಡಬೇಕು. ಒರಗಿಸಿಟ್ಟೆವು, ಬಲೆಯ ಪಕ್ಕದಲ್ಲೇ.